ದಿಲ್ಮುನ್ ದಿಬ್ಬಗಳು: ಬಹರೈನ್‌ನಲ್ಲಿ ಅಳಿದದ್ದು, ಉಳಿದದ್ದು

ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ಬಹರೈನ್ ಎಂದರೆ ಮಗನೋ ಅಳಿಯನೋ ದುಡಿಯಲು ಹೋದ ದೇಶ. ಹೆಚ್ಚುಕಡಿಮೆ ಬೆಂಗಳೂರು ನಗರದಷ್ಟೇ ವಿಸ್ತೀರ್ಣದ ಆ ದ್ವೀಪರಾಷ್ಟ್ರದಲ್ಲಿ, ಆಲಿ ಮತ್ತು ಹಮದ್ ಟೌನ್ ಸುತ್ತಮುತ್ತ ಜಲ್ಲಿ ಸುರಿದಿಟ್ಟಂತೆ ಕಾಣುವ ಗುಡ್ಡೆಗಳಿವೆ. ಅವು 4,000 ವರ್ಷ ಹಳೆಯ ಗೋರಿಗಳು. ಅವನ್ನು ಉಳಿಸಬೇಕೇ, ತೆಗೆದು ಮನೆ ಕಟ್ಟಬೇಕೇ ಎಂಬ ವಾದ ಅಲ್ಲಿ ದಶಕಗಳಿಂದ ನಡೆದಿದೆ.

ಗೋರಿಗಳು ದಿಲ್ಮುನ್ ನಾಡಿನವರವು; ಬಹರೈನ್ ಕೇಂದ್ರವಾಗಿದ್ದ ಪ್ರಾಚೀನ ನಾಡದು. ಮೆಸೊಪೊಟೇಮಿಯಾದ (ಇಂದಿನ ಇರಾಕಿನ) ಸುಮೇರಿಯನ್ನರ ಪುರಾಣದಲ್ಲಿ ಅದು ಪವಿತ್ರಭೂಮಿ. ಎಂಕಿ ದೇವರ ಮಾತಿನಂತೆ ಅಲ್ಲಿ ನೆಲದಿಂದ ಸಿಹಿನೀರು ಉಕ್ಕಿತಂತೆ. ಬಹರೈನ್‌ನಲ್ಲಿ ನೆಲದ ಮೇಲಷ್ಟೇ ಅಲ್ಲ, ಸಮುದ್ರದ ತಳದಲ್ಲೂ ಸಿಹಿನೀರಿನ ಬುಗ್ಗೆಗಳಿದ್ದವು. ಹಡಗಿನವರಿಗೆ ಆ ನೀರೇ ದೊಡ್ಡ ಆಕರ್ಷಣೆ. ಒಮಾನ್‌ನ ತಾಮ್ರ ಇದೇ ದಾರಿಯಾಗಿ ಮೆಸೊಪೊಟೇಮಿಯಾದ ಉರ್ ಪಟ್ಟಣ ಸೇರುತ್ತಿತ್ತು. ದಿಲ್ಮುನ್ ವರ್ತಕರು ತೂಗುತ್ತಿದ್ದದ್ದು ಸಿಂಧೂ ಕಣಿವೆಯ ಅಳತೆಯ ತೂಕದ ಕಲ್ಲುಗಳಿಂದ.

ಅವರ ಮುದ್ರೆಗಳನ್ನು ಹತ್ತಿರದಿಂದ ನೋಡಬೇಕು. ನಮ್ಮ ಹೊಯ್ಸಳ ಶಿಲ್ಪಿಗಳಿಗೆ ಒಗ್ಗಿದಂಥ ಬಳಪದ ಕಲ್ಲಿನಲ್ಲಿ ಕೊರೆದ ದುಂಡನೆಯ ಬಿಲ್ಲೆ, ದೊಡ್ಡ ನಾಣ್ಯದಷ್ಟು ಅಗಲ. ಉಬ್ಬಿದ ಬೆನ್ನಿನ ಮೇಲೆ ಮೂರು ಗೀರು, ನಾಲ್ಕು ಬಳೆಯಾಕಾರ, ಪ್ರತಿಯೊಂದರ ನಡುವೆ ಒಂದು ಚುಕ್ಕೆ. ಮುಂಭಾಗದಲ್ಲಿ ಜಿಂಕೆ, ಗೂಳಿ; ಕೆಲವದರಲ್ಲಿ ಇಬ್ಬರು ಎದುರುಬದುರು ಕೂತು ಒಂದೇ ಹೂಜಿಯಿಂದ ಕೊಳವೆ ಹಾಕಿ ಕುಡಿಯುತ್ತಿದ್ದಾರೆ. ಇದೇ ಜಾತಿಯ ಮುದ್ರೆಯೊಂದು ಗುಜರಾತಿನ ಲೋಥಲ್‌ನಲ್ಲೂ ಸಿಕ್ಕಿತು. ಲೋಥಲ್ ಉತ್ಖನನ ನಡೆಸಿದವರು ನಮ್ಮ ಶಿಕಾರಿಪುರ ರಂಗನಾಥ ರಾವ್.

ಇಷ್ಟೆಲ್ಲ ವ್ಯಾಪಾರ ಮಾಡಿದ ನಾಡಿಗೆ ‘ಸತ್ತವರ ದ್ವೀಪ’ ಎಂಬ ಹೆಸರು ಅಂಟಿದ್ದು ಹೇಗೆ? 19ನೇ ಶತಮಾನದ ಕೊನೆಯಿಂದ ಬಂದವರೆಲ್ಲ ಅಗೆದದ್ದು ಗೋರಿಗಳನ್ನೇ. ಮುಂದೆ ಮೊಹೆಂಜೊದಾರೊ ಅಗೆಸಿದ ಅರ್ನೆಸ್ಟ್ ಮ್ಯಾಕೆ 1925ರಲ್ಲಿ ಇಲ್ಲಿ ಕೆಲಸ ಮಾಡಿ, ಅರೇಬಿಯಾದ ಜನ ಹೆಣಗಳನ್ನು ತಂದು ಹೂಳುತ್ತಿದ್ದ ಜಾಗವಿದು ಎಂದು ಬರೆದರು. ಊರು ಸಿಕ್ಕಿರಲಿಲ್ಲ, ಆದ್ದರಿಂದ ಊರೇ ಇರಲಿಲ್ಲ ಎಂಬ ತರ್ಕ. 1953ರ ಕೊನೆಗೆ ಬಂದ ಡೆನ್ಮಾರ್ಕಿನ ಪಿ.ವಿ. ಗ್ಲಾಬ್ ಮತ್ತು ಜೆಫ್ರಿ ಬಿಬಿ ಅವರ ತಂಡ ಬಾರ್ಬಾರ್‌ನಲ್ಲಿ ದೇವಾಲಯವನ್ನೂ ಉತ್ತರ ದಡದ ಕೋಟೆಯಡಿ ಪಟ್ಟಣವನ್ನೂ ಪತ್ತೆಹಚ್ಚಿತು. ವಾದ ಅಲ್ಲಿಗೆ ಮುಗಿಯಬೇಕಿತ್ತು. ಆದರೆ 1980ರ ದಶಕದಲ್ಲೂ ವಿದ್ವಾಂಸರು ಇದನ್ನೇ ಚರ್ಚಿಸುತ್ತಿದ್ದರು. ಹೊರಗಿನವರ ಮಸಣ ಎನಿಸಿಕೊಂಡ ನೆಲವನ್ನು ಸಮತಟ್ಟು ಮಾಡಲು ಯಾರ ಕೈಯೂ ಅಷ್ಟಾಗಿ ಅಳುಕುವುದಿಲ್ಲ ಎಂದು ನನಗೆ ಅನ್ನಿಸುತ್ತದೆ.

ಒಂದು ಗೋರಿ ಬಿಚ್ಚಿದರೆ ಒಳಗಿರುವುದು ಕಲ್ಲು ಕಟ್ಟಿದ ಕಿರಿದಾದ ಕೋಣೆ, ಮೇಲೆ ಚಪ್ಪಡಿ, ಸುತ್ತ ದುಂಡನೆಯ ಗೋಡೆ. ಶವವನ್ನು ಬಲಮಗ್ಗುಲಾಗಿ ಮೊಣಕಾಲು ಮಡಿಸಿ, ಕೈಗಳನ್ನು ಮುಖದ ಮುಂದಿಟ್ಟು ಮಲಗಿಸುತ್ತಿದ್ದರು, ನಿದ್ದೆ ಹೋದ ಮಗುವಿನಂತೆ. ಪಕ್ಕದಲ್ಲಿ ಮಡಕೆ, ಡಾಂಬರು ಬಳಿದ ಬುಟ್ಟಿ, ಕುರಿಯದೋ ಮೇಕೆಯದೋ ಮೂಳೆ. ರಾಜರಿಗೆ ಎರಡು ಅಂತಸ್ತು, ಉಳಿದವರಿಗೆ ಒಂದು. ಆದರೂ ಸಾವಿರಾರು ಸಾಮಾನ್ಯರಿಗೆ ಒಬ್ಬೊಬ್ಬರಿಗೂ ಕಲ್ಲಿನ ಮನೆ ಕಟ್ಟಿಕೊಟ್ಟ ಸಮಾಜವದು.

1932ರಲ್ಲಿ ಎಣ್ಣೆ ಸಿಕ್ಕಿತು, ಜನ ಬೆಳೆದರು, ಹೆದ್ದಾರಿ ಬಂತು. ಸೌದಿಗೆ ಹೋಗುವ ಸೇತುವೆ 1986ರಲ್ಲಿ ತೆರೆಯಿತು. ಅದರ ರಸ್ತೆಗೆ ಸಾರ್ ಬಳಿಯ ದಿಬ್ಬಗಳು ಎಡೆಮಾಡಿಕೊಟ್ಟವು. ಹಮದ್ ಟೌನ್ ಎದ್ದದ್ದೇ ಗೋರಿಗಳ ಬಯಲಿನಲ್ಲಿ. ಬುಲ್ಡೋಜರ್ ಬರುವ ಮುನ್ನ ಸಿಕ್ಕಷ್ಟನ್ನು ದಾಖಲಿಸಲು ಕರೆಸಿದ ತಂಡಗಳಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯದೂ ಒಂದು. 1984–85ರಲ್ಲಿ ಅದು ಅಲ್ಲಿ ಅಗೆಯಿತು. ಒಂದು ಕಾಲಕ್ಕೆ ಸುಮಾರು 75,000 ಇದ್ದವೆಂದು ಅಂದಾಜಿಸಲಾದ ದಿಬ್ಬಗಳು ಹೀಗೆ ಕರಗಿದವು. ಸೂರಿಲ್ಲದವನ ಕಷ್ಟ ಸುಳ್ಳಲ್ಲ. ಆದರೆ 2005ರಲ್ಲಿ ಬಹರೈನ್ ಸಂಸತ್ತಿನಲ್ಲಿ ಈ ಪ್ರಶ್ನೆ ಬಂದಾಗ, ಸತ್ತವರ ಗೋರಿಗಿಂತ ಬದುಕಿರುವವರ ಮನೆ ಮೇಲು ಎಂದು ಎರಡನ್ನೂ ಒಂದೇ ತಕ್ಕಡಿಗೆ ಹಾಕಿದ್ದು ಸರಿಯಲ್ಲ. ಮನೆಗೆ ಬೇರೆ ನಿವೇಶನ ಹುಡುಕಬಹುದು, ಗೋರಿಗೆ ಆಗದು.

2019ರಲ್ಲಿ ಯುನೆಸ್ಕೊ 21 ತಾಣಗಳ 11,774 ದಿಬ್ಬಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆಲಿಯ 17 ರಾಜಗೋರಿಗಳು ಅದರಲ್ಲಿವೆ. ಆಲಿ ಕುಂಬಾರರ ಊರು. ಅವರ ಆವಿಗೆಗಳು ದಿಬ್ಬಗಳಿಗೇ ಒರಗಿಕೊಂಡು ಬೆಳೆದಿವೆ.

ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ಡ್ಯುರಾಂಡ್ 1879ರ ಹೊತ್ತಿಗೆ ಬಹರೈನ್‌ನಲ್ಲಿ ಕಂಡ ಕಪ್ಪು ಕಲ್ಲಿನಲ್ಲಿ, ಇನ್‌ಜಾಕ್ ದೇವರ ಸೇವಕ ರಿಮುಮ್‌ನ ಅರಮನೆ ಎಂಬ ಬರಹವಿತ್ತು. ಆತ ಯಾರೆಂಬುದು ಶತಮಾನಕ್ಕೂ ಹೆಚ್ಚು ಕಾಲ ತಿಳಿಯಲಿಲ್ಲ. ಕಳೆದ ದಶಕದಲ್ಲಿ, ಆಲಿಯ ರಾಜಗೋರಿಯೊಂದರಲ್ಲಿ ಕಳ್ಳರು ಬಿಟ್ಟುಹೋದ ಕಲ್ಲಿನ ಪಾತ್ರೆಗಳ ಚೂರುಗಳ ಮೇಲೆ ಮತ್ತೆ ಅದೇ ಹೆಸರು ಸಿಕ್ಕಿತು: ಯಗ್ಲಿ-ಎಲ್, ರಿಮುಮ್‌ನ ಮಗ.