ಕೈ ಊರದೆ ಕುರ್ಚಿಯಿಂದ ಏಳುವ ಬಲ

ಐವತ್ತು ದಾಟಿದ ಗಂಡಸರಲ್ಲಿ ಹೆಚ್ಚಿನವರಿಗೆ ವ್ಯಾಯಾಮ ಎಂದರೆ ಬೆಳಗಿನ ವಾಕಿಂಗ್. ಹೃದಯಕ್ಕೂ ಸಕ್ಕರೆ ಕಾಯಿಲೆಗೂ ಅದು ಒಳ್ಳೆಯದೇ, ಬಿಡಬೇಡಿ. ಆದರೆ ವಯಸ್ಸಾದಂತೆ ಹೆಚ್ಚು ಸೊರಗುವುದು ವೇಗದ ಸ್ನಾಯು ಎಳೆಗಳು. ಎಡವಿದಾಗ ಥಟ್ಟನೆ ಕಾಲು ಮುಂದಿಡಲು, ಕೂತಲ್ಲಿಂದ ಏಳಲು ಬೇಕಾದವು ಇವೇ. ನಿಧಾನ ನಡಿಗೆಯಲ್ಲಿ ಇವುಗಳಿಗೆ ಹೆಚ್ಚು ಕೆಲಸ ಇರುವುದಿಲ್ಲ.

ನಿಮ್ಮ ಬಲ ಎಷ್ಟಿದೆ ಎಂದು ಮನೆಯಲ್ಲೇ ನೋಡಿಕೊಳ್ಳಬಹುದು. ಸುಮಾರು 17 ಇಂಚು ಎತ್ತರದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ನಿಂತು ಕೂರುತ್ತೀರಿ, ಎಣಿಸಿ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಅಳತೆಯಂತೆ 60–64ರ ಗಂಡಸರಿಗೆ 14ಕ್ಕಿಂತ, 65–74ರವರಿಗೆ 12ಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯವಿದೆ ಎಂದರ್ಥ.

ಪರೀಕ್ಷೆಯ ಕುರ್ಚಿಯೇ ತರಬೇತಿಗೂ ಸಾಕು. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ಎಂಟರಿಂದ ಹನ್ನೆರಡು ಸಲ ಎದ್ದು ಕೂತರೆ ಒಂದು ಸೆಟ್. ಎರಡು ನಿಮಿಷ ಸುಧಾರಿಸಿಕೊಂಡು ಹೀಗೆ ಮೂರು ಸೆಟ್. ಮೂರು ಎಣಿಸುತ್ತ ನಿಧಾನ ಕೂರಿ, ಏಳುವಾಗ ಬಿರುಸಾಗಿ ಏಳಿ. ಹೆಚ್ಚಿನವರು ತಪ್ಪುವುದು ಕೊನೆಯ ನಾಲ್ಕು ಇಂಚಿನಲ್ಲಿ: ಅಲ್ಲಿ ದೊಪ್ಪೆಂದು ಕುಸಿಯುತ್ತಾರೆ, ತೊಡೆ ನಿಜವಾಗಿ ದುಡಿಯಬೇಕಾದ ಜಾಗವೇ ಕೈತಪ್ಪುತ್ತದೆ. ಮಂಡಿ ಒಳಕ್ಕೆ ವಾಲದೆ ಪಾದದ ದಿಕ್ಕಿನಲ್ಲೇ ಇರಲಿ. ಏಳುವಾಗ ಉಸಿರು ಬಿಡಿ. ಬಿಗಿಹಿಡಿದರೆ ರಕ್ತದೊತ್ತಡ ಒಮ್ಮೆಗೇ ಏರುತ್ತದೆ. ಹೃದ್ರೋಗ, ಹತೋಟಿಗೆ ಬಾರದ ಬಿಪಿ, ಹರ್ನಿಯಾ ಇದ್ದವರು ಮೊದಲು ವೈದ್ಯರನ್ನು ಕಾಣಲೇಬೇಕು.

ಮೂರೂ ಸೆಟ್‌ನಲ್ಲಿ ಹನ್ನೆರಡು ಸಲೀಸಾದ ಮೇಲೆ ಎರಡು ಲೀಟರಿನ ನೀರಿನ ಬಾಟಲಿಯನ್ನು ಎದೆಗೆ ಅಪ್ಪಿಕೊಳ್ಳಿ, ಆಮೇಲೆ ಐದು ಲೀಟರಿನ ಕ್ಯಾನ್. ಕೈ, ಎದೆಯ ಬಲಕ್ಕೆ ಅಡುಗೆಕಟ್ಟೆಗೆ ಕೈಯೂರಿ ದಂಡ ಹೊಡೆದರಾಯಿತು.

ಬಹಳ ಮಂದಿ ಮುಗ್ಗರಿಸುವುದು ಮೊದಲ ತಿಂಗಳಲ್ಲೇ. ಆರಂಭದಲ್ಲಿ ಬರುವ ಬಲ ಹೆಚ್ಚಾಗಿ ನರಗಳದ್ದು. ಇರುವ ಸ್ನಾಯುವನ್ನೇ ಚೆನ್ನಾಗಿ ದುಡಿಸಲು ಅವು ಕಲಿಯುತ್ತವೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು ಗಟ್ಟಿಯಾಗಲು ತಿಂಗಳುಗಳೇ ಬೇಕು. ಹುರುಪಿನಲ್ಲಿ ಭಾರವನ್ನು ದುಪ್ಪಟ್ಟು ಮಾಡಿದರೆ ಮಂಡಿಚಿಪ್ಪಿನ ಕೆಳಗೆ ನೋವು ಶುರುವಾಗಿ, ‘ನಮಗಿನ್ನು ವಯಸ್ಸಾಯಿತು’ ಎಂದು ಕೈಬಿಡುತ್ತಾರೆ. ಅದು ವಯಸ್ಸಿನ ತಪ್ಪಲ್ಲ, ಅವಸರದ್ದು. ಬಾಸ್ಟನ್‌ನ ವೃದ್ಧಾಶ್ರಮವೊಂದರಲ್ಲಿ ಸರಾಸರಿ 90 ವರ್ಷದವರಿಗೆ ಎಂಟು ವಾರ ಭಾರ ಎತ್ತಿಸಿದ ಅಧ್ಯಯನ 1990ರಲ್ಲಿ ಪ್ರಕಟವಾಯಿತು. ಅವರ ತೊಡೆಯ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು!

ಊಟವೂ ಜೊತೆಗೂಡಬೇಕು. ಮೂತ್ರಪಿಂಡದ ತೊಂದರೆ ಇಲ್ಲದ 65 ಕಿಲೋ ತೂಕದವರಿಗೆ ದಿನಕ್ಕೆ 65ರಿಂದ 78 ಗ್ರಾಂ ಪ್ರೋಟೀನ್ ಬೇಕು. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸಿಗುವುದು ಏಳೇ ಗ್ರಾಂ. ಐವತ್ತು ಗ್ರಾಂ ಹೆಸರುಕಾಳಿನ ಸಾರು ಸೇರಿದರೆ ಇನ್ನೊಂದು ಹನ್ನೊಂದು. ಮಿಕ್ಕಿದ್ದು ಮೊಟ್ಟೆ, ಮೀನು, ಹಾಲು, ಮೊಸರು, ಕಡಲೆಯಿಂದ ಬರಲಿ.

ಹುಮ್ಮಸ್ಸು ಉಳಿಯಬೇಕಾದರೆ ಕನ್ನಡಿ ನೋಡಬೇಡಿ, ಎರಡು ತಿಂಗಳು ಅದು ಏನನ್ನೂ ಹೇಳುವುದಿಲ್ಲ. ಬೆಳಗಿನ ಕಾಫಿ ಲೋಟ ಕೆಳಗಿಟ್ಟ ಕೂಡಲೇ ಶುರುಮಾಡಿ, ಎಣಿಕೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಜ್ವರ ಬಂದೋ ಊರಿಗೆ ಹೋಗಿಯೋ ಹತ್ತು ದಿನ ತಪ್ಪಿದರೆ ಕ್ಯಾನ್ ಮುಟ್ಟದೆ, ಬರಿಗೈಯಲ್ಲಿ ಎರಡೇ ಸೆಟ್‌ನಿಂದ ಮತ್ತೆ ಹಿಡಿಯಿರಿ.