ಪನೀರ್ ನೀರು ಚರಂಡಿಗೆ ಬೇಡ ಅಂದರೆ, ಎಲ್ಲಿಗೆ ಬಿಡೋದು?

ಪ್ರಶ್ನೆ: ಮದ್ದೂರು ಹತ್ತಿರ ಸಣ್ಣ ಪನೀರ್ ಘಟಕ ನಡೆಸುತ್ತಿದ್ದೇವೆ. ದಿನಕ್ಕೆ 200 ಲೀಟರ್ ಹಾಲು. ಚರಂಡಿ ನಾರುತ್ತೆ ಅಂತ ಅಕ್ಕಪಕ್ಕದವರು ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದಾರೆ. ಶುದ್ಧೀಕರಣ ಘಟಕಕ್ಕೆ ಹೇಳುವ ರೇಟು ಕೇಳಿದರೆ ಅಂಗಡಿ ಮುಚ್ಚೋದೇ ವಾಸಿ ಅನಿಸುತ್ತೆ. ಬೇರೆ ದಾರಿ ಇದೆಯಾ?

ಉತ್ತರ: ಇದೆ. ಅದಕ್ಕೆ ಮೊದಲು ಒಂದು ಲೆಕ್ಕ ನೋಡಿ. 200 ಲೀಟರ್ ಹಾಲು ಒಡೆಸಿದರೆ 160 ಲೀಟರಿನಷ್ಟು ಹಾಲೊಡಕು ನೀರು ಬರುತ್ತದೆ. ಕಣ್ಣಿಗೆ ತೆಳ್ಳಗೆ ಕಂಡರೂ ಅದರಲ್ಲಿ ಶೇ 5ರ ಆಸುಪಾಸು ಹಾಲಿನ ಸಕ್ಕರೆ ಇರುತ್ತದೆ. ಅದನ್ನು ತಿನ್ನಲು ಮುಗಿಬೀಳುವ ಬ್ಯಾಕ್ಟೀರಿಯಾಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ, ಆಮೇಲೆ ಶುರುವಾಗುವುದೇ ನಾತ. ಈ ಹೀರುವಿಕೆಯ ಅಳತೆಗೆ ಬಿಒಡಿ ಎನ್ನುತ್ತಾರೆ. ಮನೆಗಳ ಕೊಳಚೆ ನೀರಿನಲ್ಲಿ ಅದು ಲೀಟರಿಗೆ 200–300 ಮಿಲಿಗ್ರಾಂ. ಹಾಲೊಡಕಿನಲ್ಲಿ 30,000ದಿಂದ 50,000. ಅಂದರೆ ನೂರಕ್ಕೂ ಹೆಚ್ಚು ಜನರ ಕೊಳಚೆಯನ್ನು ನೀವೊಬ್ಬರೇ ದಿನಾ ಚರಂಡಿಗೆ ಬಿಡುತ್ತಿದ್ದೀರಿ. ಅಕ್ಕಪಕ್ಕದವರ ಮೇಲೆ ಸಿಟ್ಟಾಗಿ ಉಪಯೋಗವಿಲ್ಲ.

ದುಬಾರಿ ರೇಟು ಬರುವುದೂ ಇದೇ ಕಾರಣಕ್ಕೆ. ಹಾಲೊಡಕು, ಪಾತ್ರೆ ತೊಳೆದ ನೀರು ಎರಡನ್ನೂ ಬೆರೆಸಿ, ಆಮೇಲೆ ಮೋಟಾರು ಹಚ್ಚಿ ಗಾಳಿ ಊದಿ ಶುದ್ಧಮಾಡಿ ಅಂದರೆ ಯಾರಿಗಾದರೂ ದುಡ್ಡು ಜಾಸ್ತಿಯೇ. ಹಾಲೊಡಕನ್ನು ಸೋಸುವ ಜಾಗದಲ್ಲೇ ಡ್ರಮ್ಮಿಗೆ ಹಿಡಿಯಿರಿ. ಒಂದು ಹನಿಯೂ ನೆಲಕ್ಕೆ ಬೀಳಬಾರದು. ಮುಕ್ಕಾಲು ಪಾಲು ಸಮಸ್ಯೆ ಅಲ್ಲೇ ಮುಗಿಯಿತು.

ಡ್ರಮ್ಮಿನದನ್ನು ಏನು ಮಾಡುವುದು? ಮೊದಲ ಹಕ್ಕು ದನಗಳದ್ದು. ಹುಳಿಯೇರುವ ಮುಂಚೆ, ಅವತ್ತಿನದನ್ನು ಅವತ್ತೇ ಕೊಡಿ. ಒಂದೆರಡು ಲೀಟರಿನಿಂದ ಶುರುಮಾಡಿ ನಿಧಾನಕ್ಕೆ ಏರಿಸಿ, ಒಮ್ಮೆಗೇ ಬಕೆಟ್‌ಗಟ್ಟಲೆ ಇಟ್ಟರೆ ಭೇದಿ ಗ್ಯಾರಂಟಿ. ಸ್ವಲ್ಪವನ್ನು ರಾತ್ರಿಯಿಡೀ ಹುಳಿ ಬರಿಸಿದರೆ ಮಾರನೆ ದಿನ ಹಾಲು ಒಡೆಸಲು ಅದೇ ಆಗುತ್ತದೆ, ನಿಂಬೆಹುಳಿ ಪುಡಿಯ ಖರ್ಚು ಉಳಿಯಿತು.

ಉಳಿದದ್ದು ಗೋಬರ್ ಗ್ಯಾಸಿಗೆ. ಎರಡು ಘನ ಮೀಟರಿನ ಪ್ಲಾಂಟಿಗೆ ದಿನಾ 50 ಕೆಜಿ ಸಗಣಿ, ಅಷ್ಟೇ ನೀರು ಹಾಕುತ್ತೀರಲ್ಲ, ಆ ನೀರಿನಲ್ಲಿ ಐದು ಲೀಟರಿನಷ್ಟು ಹಾಲೊಡಕು ಸೇರಿಸಿ. ವಾರವಾರ ಏರಿಸುತ್ತ ನೀರಿನ ಅರ್ಧದಷ್ಟಕ್ಕೆ ನಿಲ್ಲಿಸಿ. ಬರೀ ಹಾಲೊಡಕು ಸುರಿದರೆ ಒಳಗೆಲ್ಲ ಹುಳಿಯಾಗಿ ಗ್ಯಾಸೇ ನಿಂತುಹೋಗುತ್ತದೆ. ಸಗಣಿ ಇದ್ದರೆ ಅದು ಆ ಹುಳಿಯನ್ನು ತಡೆದುಕೊಳ್ಳುತ್ತದೆ. ಹುಳಿ ಎಷ್ಟೆಂದು ತೋರಿಸುವ ಪಿಎಚ್ ಕಾಗದವನ್ನು ಹೊರಬರುವ ಬಗ್ಗಡದಲ್ಲಿ ಅದ್ದಿ ನೋಡಿ. 6.8ಕ್ಕಿಂತ ಕೆಳಗಿಳಿದರೆ ನಾಲ್ಕು ದಿನ ಹಾಲೊಡಕು ಬಂದ್.

ಈಗ ತೊಳೆದ ನೀರು. ಒಂದು ಲೀಟರ್ ಹಾಲು ಚೆಲ್ಲಿದರೆ 100 ಗ್ರಾಂ ಬಿಒಡಿ ಚರಂಡಿ ಸೇರಿದ ಹಾಗೆ. ಆದ್ದರಿಂದ ಪೈಪು ಹಿಡಿಯುವ ಮುಂಚೆ ವೈಪರಿನಿಂದ ಬಳಿದುಬಿಡಿ. ಕ್ಯಾನ್ ಗಲಬರಿಸಿದ ಮೊದಲ ನೀರೂ ದನಕ್ಕೆ ಹೋಗಲಿ. ಆಮೇಲಿನ ನೀರು ಜಾಲರಿ, ಜಿಡ್ಡು ತೇಲಿಸಿ ಹಿಡಿಯುವ ಗುಂಡಿ ದಾಟಿ, ನಾಲ್ಕೈದು ಕೋಣೆಗಳ ಮುಚ್ಚಿದ ತೊಟ್ಟಿಗೆ ಹೋಗಬೇಕು. ಪ್ರತಿ ಕೋಣೆಯಲ್ಲೂ ನೀರು ತಳದಿಂದ ಮೇಲೇರುವಂತೆ ಕಟ್ಟಿಸಿ, ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳೇ ಕೆಲಸ ಮಾಡುತ್ತವೆ. ಕರೆಂಟು ಬೇಡ. ಶುರುವಿಗೆ ನಡೆಯುತ್ತಿರುವ ಗೋಬರ್ ಗ್ಯಾಸಿನ ಬಗ್ಗಡ ಹಾಕಿ, ಒಂದೆರಡು ತಿಂಗಳು ಕಾಯಿರಿ.

ಅಲ್ಲಿಂದ ಜಲ್ಲಿ ತುಂಬಿ ಜೊಂಡು, ಕಾಬಾಳೆ ನೆಟ್ಟ ಪಾತಿಗೆ. ದಿನಕ್ಕೆ ಬರುವ ಸಾವಿರ ಲೀಟರ್ ನೀರಿನಲ್ಲಿ ಲೀಟರಿಗೆ 1,500 ಮಿಲಿಗ್ರಾಂ ಬಿಒಡಿ ಇದ್ದು, ತೊಟ್ಟಿ ಅದನ್ನು 300ಕ್ಕೆ ಇಳಿಸಿತು ಅಂದುಕೊಳ್ಳಿ. ಅಲ್ಲಿಗೆ ಪಾತಿಗೆ ದಿನಕ್ಕೆ 300 ಗ್ರಾಂ ಬಿಒಡಿ ಬಂತು, ಚದರ ಮೀಟರಿಗೆ 10 ಗ್ರಾಂ ಲೆಕ್ಕದಲ್ಲಿ 30 ಚದರ ಮೀಟರ್ ಪಾತಿ ಸಾಕು. ಹೊರಬಂದ ನೀರು ನೇಪಿಯರ್ ಹುಲ್ಲಿಗೋ ತೆಂಗಿಗೋ. ನೀರಾವರಿಗೆ ಬಿಡುವ ನೀರಿನ ಬಿಒಡಿಗೆ ಸಾಮಾನ್ಯ ಮಿತಿ ಲೀಟರಿಗೆ 100 ಮಿಲಿಗ್ರಾಂ, ನದಿ ಹಳ್ಳಕ್ಕೆ 30. ಕಟ್ಟುವ ಮುಂಚೆಯೇ ನಕ್ಷೆ ಹಿಡಿದು ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಕೇಳಿಕೊಳ್ಳಿ.

ಇಂಗುಗುಂಡಿಗೆ ಬಿಡಿ ಅನ್ನುವವರ ಮಾತು ಬೇಡ. ಜಿಡ್ಡು ಮಣ್ಣಿನ ರಂಧ್ರ ಮುಚ್ಚಿ ಸ್ವಲ್ಪ ದಿನಕ್ಕೇ ನೀರು ಮೇಲೆ ಉಕ್ಕುತ್ತದೆ.

ಮುಂದೆ ಚೀಸ್ ಮಾಡುವ ಯೋಚನೆ ಇದ್ದರೆ ಅದನ್ನು ನೆನೆಸಿಡುವ ಉಪ್ಪುನೀರಿನ ಕಡೆ ಗಮನವಿರಲಿ. ಜೊಂಡಾಗಲಿ ಬ್ಯಾಕ್ಟೀರಿಯಾ ಆಗಲಿ ಉಪ್ಪನ್ನು ತೆಗೆಯುವುದಿಲ್ಲ. ನಿಮ್ಮ ಕಡೆಯ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಅಚ್ಚುಕಟ್ಟಿನಲ್ಲಿ ಚೌಳು ಹಿಡಿದ ಗದ್ದೆಗಳು ಈಗಾಗಲೇ ಇವೆ. ಉಪ್ಪುನೀರನ್ನು ಸೋಸಿ, ಕಾಯಿಸಿ, ಮತ್ತೆ ಉಪ್ಪು ಸೇರಿಸಿ ಅದನ್ನೇ ಬಳಸಿ, ಗದ್ದೆಗಂತೂ ಬಿಡಬೇಡಿ.