ಸಿಸೇರಿಯನ್ ಆದ ಮೇಲೆ ನಾರ್ಮಲ್ ಹೆರಿಗೆ: ಒಂದು ಹಳೆಯ ನಿಯಮ ಬಂದ ದಾರಿ

‘ಮೊದಲನೆಯದು ಸಿಸೇರಿಯನ್ ಆದರೆ ಎರಡನೆಯದೂ ಸಿಸೇರಿಯನ್ನೇ’ ಎಂಬ ಮಾತು ಇವತ್ತಿಗೂ ನಮ್ಮ ಮನೆಗಳಲ್ಲಿ ಕೊನೆಯ ತೀರ್ಪಿನಂತೆ ಕೇಳಿಬರುತ್ತದೆ. ಅದು ಹೊರಟದ್ದು 1916ರ ನ್ಯೂಯಾರ್ಕ್‌ನಿಂದ. ಪ್ರಸೂತಿ ತಜ್ಞ ಎಡ್ವಿನ್ ಕ್ರೇಗಿನ್ ಹಾಗೆ ಬರೆದದ್ದು ಎರಡನೇ ಆಪರೇಷನ್ ಕಡ್ಡಾಯ ಮಾಡಲಿಕ್ಕಲ್ಲ, ಮೊದಲನೆಯದನ್ನೇ ಹಗುರವಾಗಿ ಮಾಡಬೇಡಿ ಎಂದು ವೈದ್ಯರನ್ನು ಎಚ್ಚರಿಸಲಿಕ್ಕೆ. ಸಿಸೇರಿಯನ್ ನಂತರ ಮೂರು ಮಕ್ಕಳನ್ನು ತೊಂದರೆಯಿಲ್ಲದೆ ಹೆತ್ತ ತಮ್ಮದೇ ರೋಗಿಯೊಬ್ಬರ ಪ್ರಸ್ತಾಪವೂ ಆ ಲೇಖನದಲ್ಲಿದೆ. ಜನ ನೆನಪಿಟ್ಟುಕೊಂಡದ್ದು ಮಾತ್ರ ಆ ಒಂದು ಸಾಲನ್ನು.

ಆ ಕಾಲಕ್ಕೆ ಅವರ ಭಯ ಸರಿಯಾಗಿಯೇ ಇತ್ತು. ಆಗ ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಸೀಳುತ್ತಿದ್ದರು. ಹೆರಿಗೆ ನೋವಿನಲ್ಲಿ ಎಲ್ಲಕ್ಕಿಂತ ಜೋರಾಗಿ ಬಿಗಿಯುವ ದಪ್ಪ ಸ್ನಾಯು ಇರುವುದೇ ಅಲ್ಲಿ. ಹಳೆಯ ಹೊಲಿಗೆಯ ಮೇಲೆ ಅಷ್ಟೂ ಎಳೆತ ಬೀಳುತ್ತಿತ್ತು. 1920ರ ದಶಕದಲ್ಲಿ ಗ್ಲಾಸ್ಗೋದ ಮನ್ರೋ ಕೆರ್ ಗರ್ಭಕೋಶದ ಕೆಳಗಿನ ತೆಳು ಭಾಗದಲ್ಲಿ ಅಡ್ಡಕ್ಕೆ ಕೊಯ್ಯುವ ಕ್ರಮವನ್ನು ಬಳಕೆಗೆ ತಂದರು. ಇಂದು ಡಿಸ್ಚಾರ್ಜ್ ಚೀಟಿಯಲ್ಲಿ ‘ಎಲ್‌ಎಸ್‌ಸಿಎಸ್’ ಎಂದು ಬರೆಯುವುದು ಇದನ್ನೇ. ಮುಂದಿನ ಹೆರಿಗೆ ನೋವಿನಲ್ಲಿ ಈ ಗಾಯ ಬಿಚ್ಚಿಕೊಳ್ಳುವ ಸಂಭವ ಸುಮಾರು 200ಕ್ಕೆ 1. ಕೊಯ್ಯುವ ಜಾಗ ಬದಲಾದರೂ ಹಳೆಯ ನಿಯಮ ಸಡಿಲವಾಗಲು ದಶಕಗಳೇ ಬೇಕಾದವು.

1980ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಸರಿಯಾಗಿ ಆರಿಸಿದವರಲ್ಲಿ ನಾರ್ಮಲ್ ಹೆರಿಗೆಗೆ ಪ್ರಯತ್ನಿಸಬಹುದು ಎಂದಿತು. 1996ರ ಹೊತ್ತಿಗೆ ಅಲ್ಲಿ ಹಿಂದೆ ಸಿಸೇರಿಯನ್ ಆಗಿದ್ದವರಲ್ಲಿ ಶೇ 28ರಷ್ಟು ಮಂದಿಗೆ ನಾರ್ಮಲ್ ಆಗುತ್ತಿತ್ತು. ಆದರೆ ಆಯ್ಕೆಯಲ್ಲಿನ ಎಚ್ಚರ ಸಡಿಲವಾಗಿ, ಗರ್ಭಕೋಶ ಹರಿದ ಪ್ರಕರಣಗಳು ನ್ಯಾಯಾಲಯಕ್ಕೂ ಹೋದವು. 1999ರಲ್ಲಿ ಅಲ್ಲಿನ ಪ್ರಸೂತಿ ತಜ್ಞರ ಸಂಘ, ತುರ್ತು ಆಪರೇಷನ್ನಿಗೆ ತಂಡ ತಕ್ಷಣ ಸಿಗುವಂತಿರಬೇಕು ಎಂದಿತು. ಅನೇಕ ಸಣ್ಣ ಆಸ್ಪತ್ರೆಗಳು ಪ್ರಯತ್ನವನ್ನೇ ಕೈಬಿಟ್ಟವು. 2001ರಲ್ಲಿ ವಾಷಿಂಗ್ಟನ್ ರಾಜ್ಯದ ಅಧ್ಯಯನವೊಂದು ನೋವು ಬರಿಸುವ ಔಷಧದ ಪಾತ್ರವನ್ನು ಬಯಲಿಗೆ ತಂದಿತು: ತಾನಾಗಿ ನೋವು ಬಂದವರಲ್ಲಿ ಗರ್ಭಕೋಶ ಹರಿದದ್ದು ಸಾವಿರಕ್ಕೆ 5.2, ಪ್ರೊಸ್ಟಗ್ಲ್ಯಾಂಡಿನ್ ಕೊಟ್ಟವರಲ್ಲಿ 24.5. ಕೆಲವೇ ವರ್ಷಗಳಲ್ಲಿ ಆ ಶೇ 28 ಹತ್ತಕ್ಕಿಂತ ಕೆಳಗಿಳಿಯಿತು. ನಮ್ಮ ಅಭಿಪ್ರಾಯದಲ್ಲಿ ಆ ಅಂಕಿಗಳಿಂದ ಕಲಿಯಬೇಕಿದ್ದದ್ದು ಔಷಧದ ಬಗ್ಗೆ ಎಚ್ಚರ. ಪ್ರಯತ್ನವನ್ನೇ ಬಿಟ್ಟದ್ದು ಅತಿಯಾಯಿತು. 2010ರಲ್ಲಿ ತಜ್ಞರು ಮತ್ತೆ ಸೇರಿ, ಹಿಂದೆ ಒಂದು ಅಡ್ಡ ಕೊಯ್ತ ಆಗಿರುವ ಅನೇಕರಿಗೆ ಇದು ಒಪ್ಪಬಹುದಾದ ದಾರಿ ಎಂದರು.

ಕರ್ನಾಟಕದಲ್ಲಿ ಈ ಪ್ರಶ್ನೆ ಈಗ ಮನೆಮನೆಯದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಸಿಸೇರಿಯನ್ ಪ್ರಮಾಣ 2015-16ರಲ್ಲಿ ಶೇ 23.6 ಇದ್ದದ್ದು 2019-21ರಲ್ಲಿ ಶೇ 31.5ಕ್ಕೆ ಏರಿದೆ.

ಹೊಟ್ಟೆಯ ಮೇಲಿನ ಗೆರೆ ನೋಡಿ ಒಳಗಿನ ಕೊಯ್ತ ಹೇಗಿದೆ ಎಂದು ಹೇಳಲಾಗದು. ಆದ್ದರಿಂದ ತಾಯಿ ಕಾರ್ಡ್ ಜೊತೆಗೆ ಹಳೆಯ ಡಿಸ್ಚಾರ್ಜ್ ಚೀಟಿಯನ್ನೂ ಮೊದಲ ಭೇಟಿಗೇ ಒಯ್ಯಿರಿ. ಕೊಯ್ತ ಯಾವುದು, ಆಗ ಯಾಕೆ ಆಪರೇಷನ್ ಆಯಿತು ಎಂಬೆರಡು ಉತ್ತರ ವೈದ್ಯರಿಗೆ ಬೇಕು. ಮಗು ಅಡ್ಡ ಅಥವಾ ತಲೆ ಮೇಲಾಗಿ ಇದ್ದದ್ದು ಕಾರಣವಾಗಿದ್ದರೆ ಅದು ಈ ಸಲವೂ ಹಾಗೇ ಇರಬೇಕೆಂದಿಲ್ಲ. ಪ್ರಯತ್ನಿಸಿದ ನಾಲ್ವರಲ್ಲಿ ಸುಮಾರು ಮೂವರಿಗೆ ನಾರ್ಮಲ್ ಆಗುತ್ತದೆ. ಹಿಂದೊಮ್ಮೆ ನಾರ್ಮಲ್ ಆಗಿದ್ದರೆ ಶೇ 85ರಿಂದ 90. ಉಳಿದವರಿಗೆ ನೋವಿನ ನಡುವೆ ಆಪರೇಷನ್ ಆಗುತ್ತದೆ. ಮೊದಲೇ ದಿನ ಗೊತ್ತುಮಾಡಿದ ಆಪರೇಷನ್ನಿಗಿಂತ ಅದರಲ್ಲಿ ಸೋಂಕು, ರಕ್ತಸ್ರಾವ ಹೆಚ್ಚು. ಉದ್ದ ಕೊಯ್ತ ಆಗಿದ್ದರೆ, ಹಿಂದೆ ಗರ್ಭಕೋಶ ಹರಿದಿದ್ದರೆ, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಕುಳಿತಿದ್ದರೆ ಪ್ರಯತ್ನ ಬೇಡ. ಎರಡು ಹೆರಿಗೆಗಳ ನಡುವೆ ವರ್ಷವೂ ಕಳೆದಿರದಿದ್ದರೆ ಅಪಾಯ ಜಾಸ್ತಿ.

ಆಸ್ಪತ್ರೆ ಆರಿಸುವಾಗ ಕೇಳಬೇಕಾದದ್ದು: ರಾತ್ರಿ ಎರಡು ಗಂಟೆಗೂ ಅರಿವಳಿಕೆ ತಜ್ಞರು, ಆಪರೇಷನ್ ಕೊಠಡಿ, ರಕ್ತ ಸಿಗುತ್ತವೆಯೇ? ನೋವು ಶುರುವಾದರೆ ಮನೆಯಲ್ಲಿ ಕಾಯದೆ ಹೊರಡಿ. ನೋವು ಜೋರಾದ ಮೇಲೆ ಮಗುವಿನ ಎದೆಬಡಿತವನ್ನು ಸಿಟಿಜಿ ಯಂತ್ರದಲ್ಲಿ ಬಿಡದೆ ನೋಡುತ್ತಿರಬೇಕು. ಹೊಲಿಗೆ ಬಿಚ್ಚಿದರೆ ಹೆಚ್ಚಿನ ಸಲ ಮೊದಲ ಸುಳಿವು ಸಿಗುವುದು ಅಲ್ಲೇ. ನೋವು ಬಿಟ್ಟ ನಡುವೆಯೂ ಹೊಲಿಗೆಯ ಜಾಗ ನೋಯುತ್ತಲೇ ಇರುವುದು, ಬರುತ್ತಿದ್ದ ನೋವು ತಟ್ಟನೆ ನಿಲ್ಲುವುದು, ಮೂತ್ರದಲ್ಲಿ ರಕ್ತ, ಕೆಳಗಿಳಿದಿದ್ದ ತಲೆ ಮತ್ತೆ ಮೇಲೆ ಸರಿಯುವುದು ಉಳಿದ ಸೂಚನೆಗಳು. ನೋವು ಕಡಿಮೆ ಮಾಡಲು ಬೆನ್ನಿಗೆ ಕೊಡುವ ಎಪಿಡ್ಯೂರಲ್ ಚುಚ್ಚುಮದ್ದು ತೆಗೆದುಕೊಳ್ಳಬಹುದು. ದಿನ ತುಂಬಿಯೂ ನೋವು ಬಾರದಿದ್ದರೆ ಪ್ರೊಸ್ಟಗ್ಲ್ಯಾಂಡಿನ್ ಬಗೆಯದೇ ಆದ ಮಿಸೊಪ್ರೊಸ್ಟಾಲ್ ಮಾತ್ರೆ ಕೂಡದು. ಗರ್ಭಕೋಶದ ಬಾಯಿ ತೆರೆಸುವ ಬಲೂನ್ ಕ್ಯಾಥೆಟರ್ ಹಾಕಬಹುದೇ, ಆಪರೇಷನ್ ಮಾಡಿಸಿಕೊಳ್ಳುವುದೇ ಎಂಬುದನ್ನು 36ನೇ ವಾರದಲ್ಲೇ ಮಾತಾಡಿ ಕಾರ್ಡ್ ಮೇಲೆ ಬರೆಸಿಡಿ.